ಪಾರ್ಲರ್‌ನಲ್ಲಿ ಜೊತೆಯವಳು ತನ್ನ ಪಾಲಿನ ಕೆಲಸ ಮಾಡದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತೇನೆ. ಕಲಿತು ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಆಮೇಲೆ ಫೋನ್ ಮಾಡಿ ಕೇಳುವುದು ಫೇಶಿಯಲ್ ಬಗ್ಗೆಯಾಗಲಿ, ಹೇರ್ ಕಟ್ ಬಗ್ಗೆಯಾಗಲಿ ಕಡಿಮೆ. ಜೊತೆಯವಳ ಬಗ್ಗೆಯೇ ಜಾಸ್ತಿ. "ಗುಡಿಸೋದೂ ನಾನೇ, ಟವೆಲ್ ಒಗೆಯೋದೂ ನಾನೇ, ಅವಳು ಫೋನ್ ಹಿಡ್ಕೊಂಡು ಕೂತಿರ್ತಾಳೆ." ವಿಜಯನಗರ, ರಾಜಾಜಿನಗರ, ಜಯನಗರದ ಅಡ್ಡರಸ್ತೆಗಳಲ್ಲಿ ಮೂರು ನಾಲ್ಕು ಜನ ಸೇರಿ ನಡೆಸುವ ಸಣ್ಣ ಪಾರ್ಲರ್‌ಗಳಿವೆಯಲ್ಲ, ಅವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ.

ಹಂಚಿಕೊಂಡು ಮಾಡಬೇಕಾದ ಕೆಲಸ ಅಂದರೆ ಯಾವ್ಯಾವುದು?

ಯಾರ ಹೆಸರಿನಲ್ಲೂ ಬಿಲ್ ಆಗದ ಕೆಲಸ ಎಲ್ಲವೂ. ಬೆಳಗ್ಗೆ ಶಟರ್ ತೆಗೆದು ಗುಡಿಸಿ ಒರೆಸುವುದು, ದೇವರ ಫೋಟೋಗೆ ಹೂ ಇಟ್ಟು ಊದುಬತ್ತಿ ಹಚ್ಚುವುದು, ಗೀಸರ್ ಮತ್ತು ವ್ಯಾಕ್ಸ್ ಹೀಟರ್ ಆನ್ ಮಾಡುವುದು. ಕಟ್ ಆದಮೇಲೆ ಕೂದಲು ಬಳಿಯುವುದು, ಕಲರ್ ಬೌಲ್ ತೊಳೆಯುವುದು, ಟವೆಲ್ ಮತ್ತು ಹೆಡ್‌ಬ್ಯಾಂಡ್ ಒಗೆದು ಒಣಗಿಸಿ ಮಡಿಸುವುದು, ಪೆಡಿಕ್ಯೂರ್ ಟಬ್ ಉಜ್ಜುವುದು. ಹತ್ತಿ, ಟಿಶ್ಯೂ, ಥ್ರೆಡ್ ಮುಗಿಯುವ ಮುಂಚೆ ಬರೆದಿಡುವುದು. ಬಾತ್‌ರೂಮ್ ತೊಳೆಯುವುದು, ಕಸದ ಗಾಡಿ ಬಂದಾಗ ಕಸ ಕೊಡುವುದು.

ಬೆಂಗಳೂರಿನಲ್ಲಿ ಇದರ ಜೊತೆಗೆ ನೀರು ಸೇರುತ್ತದೆ. ಮೋಟರ್ ಹಾಕಬೇಕು, ಕಾವೇರಿ ನೀರು ಬಂದ ಹೊತ್ತಿಗೆ ಡ್ರಮ್ ತುಂಬಿಸಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದವರಿಗೆ ಇದು ಚೆನ್ನಾಗಿ ಗೊತ್ತು. ಡ್ರಮ್ ತುಂಬಿಸೋದನ್ನು ಒಬ್ಬಳು ಮರೆತರೆ, ತಲೆಗೆ ಶಾಂಪೂ ಹಾಕಿಸಿಕೊಂಡ ಕಸ್ಟಮರ್ ಹಾಗೇ ಕೂತಿರಬೇಕಾಗುತ್ತದೆ.

ಅವಳು ಕೆಲಸಗಳ್ಳಿ ಅಂತ ಅಂದುಕೊಳ್ಳಬಹುದಾ?

ಅಷ್ಟು ಬೇಗ ಬೇಡ. ಮೊದಲು ನಿಮ್ಮ ಪಾರ್ಲರ್‌ನಲ್ಲಿ ದುಡ್ಡು ಹೇಗೆ ಬರುತ್ತದೆ ನೋಡಿ.

ಶನಿವಾರ ಸಂಜೆ ಐದು ಗಂಟೆ ಅಂದುಕೊಳ್ಳಿ. ಅವಳು ಒಂದು ಹೇರ್ ಕಲರ್ ಮುಗಿಸಿ ಬೌಲ್ ಮತ್ತು ಬ್ರಷ್ ಅನ್ನು ಸಿಂಕ್‌ನಲ್ಲಿ ಹಾಕಿ ಹೋಗಿದ್ದಾಳೆ. ಬೌಲ್‌ನ ಅಂಚಲ್ಲಿ ಉಳಿದ ಕಲರ್ ಆಗಲೇ ಕಪ್ಪಾಗಿ ಹತ್ತಿಕೊಳ್ಳುತ್ತಿದೆ. ಈಗ ತೊಳೆದರೆ ಬರೀ ನೀರಿಗೆ ಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ನಾರು ಹಾಕಿ ಉಜ್ಜಬೇಕು. ನಿಮಗೆ ನೋಡಲು ಆಗದೆ ಒಳಗೆ ಹೋಗಿ ತೊಳೆಯುತ್ತೀರಿ. ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಒಬ್ಬರು ಬರುತ್ತಾರೆ, ಐಬ್ರೋ ಮತ್ತು ಫೇಶಿಯಲ್‌ಗೆ. ಮುಂದೆ ಖಾಲಿ ಕೂತಿದ್ದವಳು ಎದ್ದು "ಬನ್ನಿ ಮೇಡಂ" ಅನ್ನುತ್ತಾಳೆ. ಆ ಬಿಲ್ಲಿನ ಇನ್ಸೆಂಟಿವ್ ಅವಳದು, ಟಿಪ್ಸೂ ಅವಳದೇ. ನಿಮಗೆ ಒದ್ದೆ ಕೈ.

ಅಂದರೆ ಬೌಲ್ ತೊಳೆದವಳಿಗೆ ನಷ್ಟ, ತೊಳೆಯದವಳಿಗೆ ಲಾಭ. ಹೀಗೇ ಕೆಲವು ತಿಂಗಳು ನಡೆದರೆ ಎಂಥಾ ದುಡಿಯುವ ಹುಡುಗಿಯೂ ಮುಂದೆ ಕೂರುವುದನ್ನು ಕಲಿತುಬಿಡುತ್ತಾಳೆ. ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸ್ ಕಟ್ಟಬೇಕು, ಅವಳಿಗೂ ಆ ದುಡ್ಡು ಬೇಕು ಅಲ್ವಾ? ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ. ಎಲ್ಲರೂ ಗುಣದ ಬಗ್ಗೆ ಬೈದಾಡಿಕೊಳ್ಳುತ್ತಾರೆ, ಈ ಲೆಕ್ಕವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇದಕ್ಕೆ ಪರಿಹಾರ ಸರದಿ. ಅಪಾಯಿಂಟ್‌ಮೆಂಟ್ ಇಲ್ಲದೆ ಬಂದ ಕಸ್ಟಮರ್ ಯಾರ ಸರದಿಯೋ ಅವರಿಗೇ ಹೋಗಬೇಕು. ಅವಳು ಸಿಂಕ್ ಹತ್ತಿರ ಇದ್ದರೆ ಕರೆಯಬೇಕು. ಬಂದವರಿಗೆ ನೀರು ಕೊಟ್ಟು "ಎರಡು ನಿಮಿಷ ಕೂತ್ಕೊಳ್ಳಿ" ಅಂದರೆ ಯಾರೂ ಎದ್ದು ಹೋಗುವುದಿಲ್ಲ. ಇದನ್ನು ಜಾರಿಗೆ ತರುವುದು ಪಾರ್ಲರ್ ನಡೆಸುವ ಮೇಡಂ ಕೈಯಲ್ಲಿದೆ, ಆದರೆ ಕೇಳಬೇಕಾದವರು ನೀವು.

ಸರದಿ ಇದ್ದರೂ ಮಾಡೋದಿಲ್ಲ. ಆಗ?

ಮಂಗಳವಾರ ನೋಡಿ. ನಮ್ಮಲ್ಲಿ ಎಷ್ಟೋ ಜನ ಮಂಗಳವಾರ ಕೂದಲು ಕತ್ತರಿಸುವುದಿಲ್ಲ, ಐಬ್ರೋಗೂ ಬರುವುದಿಲ್ಲ. ಮಧ್ಯಾಹ್ನ ಕುರ್ಚಿಗಳೆಲ್ಲ ಖಾಲಿ. ಹೋಗುವ ಕಸ್ಟಮರ್ ಇಲ್ಲ, ಕಳೆದುಕೊಳ್ಳುವ ದುಡ್ಡಿಲ್ಲ. ಅವತ್ತೂ ಟವೆಲ್ ರಾಶಿ ಕಣ್ಣೆದುರು ಇದ್ದು ಅವಳು ಕಂಡೂ ಕಾಣದ ಹಾಗೆ ಇದ್ದರೆ, ಆಗ ಅದು ಜಾರಿಕೊಳ್ಳುವ ಅಭ್ಯಾಸವೇ. ಅಥವಾ ಮೈ ಸರಿಯಿಲ್ಲದಿರಬಹುದು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅವಳಿಗೆ ಹೇಳಬೇಕಾ, ಮೇಡಂಗಾ?

ಅವಳಿಗೆ. ನೇರವಾಗಿ ಮೇಡಂ ಹತ್ತಿರ ಹೋದರೆ ಚಾಡಿ ಹೇಳಿದಳು ಅನ್ನುವ ಹೆಸರು ಬರುತ್ತದೆ, ಆಮೇಲೆ ನೀವು ಹೇಳಿದ್ದು ನಿಜವಾದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಸ್ಟಮರ್ ಆರೋಗ್ಯಕ್ಕೆ ತೊಂದರೆಯಾಗುವ ವಿಷಯ ಮಾತ್ರ ಬೇರೆ. ಅದಕ್ಕೆ ಈ ಕ್ರಮ ಕಾಯಬೇಕಾಗಿಲ್ಲ.

ಹೇಗೆ ಶುರು ಮಾಡಲಿ? ಬಾಯಿ ತೆಗೆದರೆ ಜಗಳವೇ ಆಗುತ್ತದೆ.

ಟೀ ಕುಡಿಯುವ ಹೊತ್ತು ನೋಡಿಕೊಳ್ಳಿ. ಊಟಕ್ಕೆ ಮುಂಚೆ, ಹೊಟ್ಟೆ ಹಸಿದಿರುವಾಗ ಬೇಡ. ಕಸ್ಟಮರ್ ಎದುರಿಗಂತೂ ಬೇಡವೇ ಬೇಡ. ವಾಟ್ಸಾಪ್ ಗ್ರೂಪ್‌ನಲ್ಲಿ "ಕೆಲವರು ಕೆಲಸ ಮಾಡೋದೇ ಇಲ್ಲ" ಅಂತ ಹಾಕುವುದು ಇನ್ನೂ ಕೆಟ್ಟದ್ದು. ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತದೆ, ಅವಳಿಗೆ ಉತ್ತರ ಕೊಡಲೂ ಆಗುವುದಿಲ್ಲ.

ಯಾವ ಕೆಲಸ, ಯಾವ ದಿನ ಅಂತ ಹೇಳಿ. ಗುಣದ ಮಾತು ಎತ್ತಬೇಡಿ. ಹೀಗೆ:

"ನೋಡೇ, ಶುಕ್ರವಾರ, ಶನಿವಾರ ಎರಡೂ ದಿನ ನಿನ್ನ ಕಲರ್ ಬೌಲ್ ನಾನೇ ತೊಳೆದೆ. ಇನ್ಮೇಲೆ ನೀನು ಮಾಡಿದ್ದು ನೀನು ತೊಳಿ, ನಂದು ನಾನು ತೊಳಿತೀನಿ. ಟವೆಲ್ ಮಾತ್ರ ಒಂದು ದಿನ ನೀನು, ಒಂದು ದಿನ ನಾನು. ಆಗುತ್ತಾ?"

ಕೊನೆಯ ಆ "ಆಗುತ್ತಾ" ಬಿಡಬೇಡಿ. ಅವಳು ಅಲ್ಲಿ ಹೂಂ ಅನ್ನಬೇಕು, ಇಲ್ಲ ಯಾಕೆ ಆಗಲ್ಲ ಅಂತ ಹೇಳಬೇಕು. ಎಷ್ಟೋ ಸಲ ಅಲ್ಲಿಯೇ ನಿಜ ಹೊರಗೆ ಬರುತ್ತದೆ. "ನಂಗೆ ಆ ಸೋಪಿನ ಪುಡಿಗೆ ಕೈಯೆಲ್ಲ ಬಿರುಕು ಬಿಡುತ್ತೆ ಕಣೇ" ಅಂತಲೋ, "ಬೆಳಗ್ಗೆ ಓಪನಿಂಗ್ ನಾನೇ ಮಾಡ್ತೀನಲ್ಲ, ಅದನ್ನ ಯಾಕೆ ಲೆಕ್ಕ ಹಿಡಿಯಲ್ಲ" ಅಂತಲೋ. ಎರಡನೆಯದು ಬಂದರೆ ಗಮನ ಕೊಟ್ಟು ಕೇಳಿ. ನೀವು ಹನ್ನೊಂದಕ್ಕೆ ಬರುವವರಾದರೆ, ಒಂಬತ್ತೂವರೆಗೆ ಅವಳು ಏನೇನು ಮಾಡಿಟ್ಟಿರುತ್ತಾಳೆ ಅಂತ ನಿಮಗೆ ಕಾಣುವುದೇ ಇಲ್ಲ. "ನೀನು ಯಾವಾಗ್ಲೂ ಹಿಂಗೇ" ಅಂತ ಶುರು ಮಾಡಿದ್ದರೆ ಇದ್ಯಾವುದೂ ಹೊರಗೆ ಬರುತ್ತಿರಲಿಲ್ಲ.

ಅವರು ನನಗಿಂತ ಸೀನಿಯರ್. ಹೇಳೋಕೆ ಹೆದರಿಕೆ.

ಸೀನಿಯರ್ ಆದವರು ತಾವು ಹೆಲ್ಪರ್ ಆಗಿದ್ದಾಗ ಗುಡಿಸಿ ಒರೆಸಿಯೇ ಬಂದಿರುತ್ತಾರೆ. ಈಗ ಅದು ಚಿಕ್ಕವರ ಕೆಲಸ ಅನ್ನುವುದು ಅವರ ಲೆಕ್ಕ. ಅದರಲ್ಲಿ ಒಂದಷ್ಟು ನ್ಯಾಯವೂ ಇದೆ. ಅವರು ಕುರ್ಚಿ ಬಿಟ್ಟು ಏಳದೆ ಕಸ್ಟಮರ್ ಮೇಲೆ ಕಸ್ಟಮರ್ ಮಾಡುತ್ತಿರುವಾಗ ನೆಲದ ಕೂದಲು ನೀವು ಬಳಿದರೆ ತಪ್ಪೇನಿಲ್ಲ. ಬದಲಿಗೆ ಅವರು ನಿಮಗೆ ಕಟ್ ಕಲಿಸಬೇಕು, ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಬೇಕು. ಕಲಿಸುವ ಮಾತೇ ಇಲ್ಲ, ಗುಡಿಸುವುದು ಮಾತ್ರ ನಿಮ್ಮದು ಅಂದರೆ ಅದು ಸರಿಯಲ್ಲ, ಎಷ್ಟೇ ಸೀನಿಯರ್ ಆಗಿರಲಿ.

ಅವರವರ ಟೂಲ್ಸ್ ಮಾತ್ರ ಅವರವರೇ ತೊಳೆಯಬೇಕು. ಹೀಗೆ ಕೇಳಿ ನೋಡಿ: "ಅಕ್ಕಾ, ಟವೆಲ್, ನೆಲ ಎಲ್ಲ ನಾನು ನೋಡ್ಕೋತೀನಿ. ನಿಮ್ಮ ಕತ್ತರಿ, ಬಾಚಣಿಗೆ ಮಾತ್ರ ನೀವೇ ತೊಳೆದಿಟ್ಟುಬಿಡಿ ಅಕ್ಕಾ. ನಾನು ಮುಟ್ಟಿ ಏನಾದ್ರೂ ಆದ್ರೆ ಕಷ್ಟ." ಒಳ್ಳೆಯ ಕತ್ತರಿ ಇಟ್ಟುಕೊಂಡವರು ಯಾರೂ ಇದಕ್ಕೆ ಇಲ್ಲ ಅನ್ನುವುದಿಲ್ಲ.

ಯಾವುದಕ್ಕೆ ಸುಮ್ಮನಿರಬಾರದು?

ಕಸ್ಟಮರ್ ಚರ್ಮಕ್ಕೆ, ರಕ್ತಕ್ಕೆ, ಉಗುರಿಗೆ ತಾಗುವ ಯಾವುದಕ್ಕೂ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಗುಡಿಸದ ನೆಲ ನೋಡಲು ಅಸಹ್ಯ, ಅಷ್ಟೇ. ಉಗುರಿನ ಸುತ್ತಿನ ಚರ್ಮ ಕತ್ತರಿಸುವ ಕ್ಯುಟಿಕಲ್ ನಿಪ್ಪರ್ ತೊಳೆಯದಿದ್ದರೆ ಹಾಗಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಬ್ಲ್ಯಾಕ್‌ಹೆಡ್ ತೆಗೆಯುವ ಸೂಜಿ, ನಿಪ್ಪರ್ ಇವುಗಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಸಾಕು. ಬ್ಲೇಡ್ ಒಬ್ಬರಿಗೆ ಒಂದೇ ಸಲ, ಇದರಲ್ಲಿ ಎರಡು ಮಾತಿಲ್ಲ. ಒಬ್ಬರಿಗೆ ಹಾಕಿದ ಟವೆಲ್ ಒಣಗಿದೆ ಅಂತ ಇನ್ನೊಬ್ಬರ ಕುತ್ತಿಗೆಗೆ ಹಾಕಿದರೆ ಹುಳಕಡ್ಡಿ ಹರಡಬಹುದು. ವ್ಯಾಕ್ಸ್ ಹಚ್ಚಿದ ಸ್ಪ್ಯಾಚುಲಾವನ್ನು ಮತ್ತೆ ಹೀಟರ್‌ಗೆ ಅದ್ದಬಾರದು. ಐಬ್ರೋ ಮಾಡಿದ ದಾರವನ್ನು ಟ್ರಾಲಿ ಮೇಲೆ ಬಿಟ್ಟು ಹೋಗಬಾರದು, ಮುಂದಿನವಳು ಅರಿಯದೆ ಅದನ್ನೇ ಎತ್ತಿಕೊಳ್ಳುತ್ತಾಳೆ.

ಪೆಡಿಕ್ಯೂರ್ ಟಬ್ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ಒಂದು ನೇಲ್ ಸಲೂನ್‌ಗೆ ಹೋಗಿದ್ದ 100ಕ್ಕೂ ಹೆಚ್ಚು ಜನರಿಗೆ ಮೊಣಕಾಲಿನ ಕೆಳಗೆ ಕುರು ಎದ್ದಿತು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ಹುಡುಕಿದ ಮೇಲೆ ಕಾರಣ ಸಿಕ್ಕಿದ್ದು ಫುಟ್ ಬಾತ್ ಟಬ್‌ನಲ್ಲಿ. ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿಕೊಂಡು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಟಬ್‌ನ ಮೇಲೆಲ್ಲ ಎಷ್ಟು ಒರೆಸಿದರೂ ಆ ಜಾಲರಿ ಬಿಚ್ಚಿ ತೊಳೆಯದಿದ್ದರೆ ಏನು ಪ್ರಯೋಜನ? ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಸಾದಾ ಪ್ಲಾಸ್ಟಿಕ್ ಟಬ್, ಅದು ಸುಲಭ. ಗುಳ್ಳೆ ಬರುವ ಮೆಷಿನ್ ಟಬ್ ಇದ್ದರೆ ಜಾಲರಿ ತೊಳೆಯುವುದನ್ನು ಒಬ್ಬರ ಹೆಸರಿಗೆ ಬರೆದಿಡಿ.

ಕಸ್ಟಮರ್ ಕೂತಿರುವಾಗಲೇ ಅವಳು ತೊಳೆಯದ ಟೂಲ್ ಎತ್ತಿಕೊಂಡರೆ?

ತೊಳೆದದ್ದನ್ನು ತಂದು ಅವಳ ಕೈಗೆ ಕೊಡಿ. "ಇದು ತಗೋ, ಈಗಷ್ಟೇ ತೊಳೆದಿಟ್ಟೆ" ಅಂದರೆ ಸಾಕು. ಕಸ್ಟಮರ್ ಬಚಾವ್, ಅವಳ ಮಾನವೂ ಉಳಿಯಿತು. ಅವರು ಹೋದಮೇಲೆ ಮಾತಾಡಿ. ಅದೇ ವಾರ ಇನ್ನೊಂದು ಸಲ ಆದರೆ ನೇರ ಮೇಡಂಗೆ ಹೇಳಿ. ಇದರಲ್ಲಿ ಚಾಡಿ ಅನ್ನುವುದೇನೂ ಇಲ್ಲ.

"ಸ್ಟರಿಲೈಸರ್‌ನಲ್ಲಿ ಇಟ್ಟಿದ್ದೆ" ಅಂತಾಳೆ. ಅಷ್ಟು ಸಾಕಾ?

ಸಾಲದು. ನೀಲಿ ದೀಪದ ಆ ಪೆಟ್ಟಿಗೆ ತೊಳೆದು ಶುದ್ಧ ಮಾಡಿದ ಟೂಲ್ ಇಡುವ ಜಾಗ. ಬೆಳಕು ಬಿದ್ದ ಮೈಗೆ ಮಾತ್ರ ಅದರ ಕೆಲಸ. ಕತ್ತರಿಯ ಎರಡು ಅಲಗು ಸೇರುವ ಸಂದಿಗೆ, ಬಾಚಣಿಗೆಯ ಹಲ್ಲಿನ ಮಧ್ಯಕ್ಕೆ ಬೆಳಕು ಹೋಗುವುದಿಲ್ಲ. ಕೊಳೆ ಇದ್ದರೆ ಕೊಳೆಯ ಕೆಳಗೂ ಹೋಗುವುದಿಲ್ಲ.

ಮೊದಲು ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಬೇಕು. ಆಮೇಲೆ ಡಿಸಿನ್ಫೆಕ್ಟೆಂಟ್ ದ್ರಾವಣದಲ್ಲಿ ಪೂರ್ತಿ ಮುಳುಗಿಸಬೇಕು, ಬಾಟಲ್ ಮೇಲೆ ಬರೆದಷ್ಟು ಹೊತ್ತು. ಸಾಮಾನ್ಯವಾಗಿ 10 ನಿಮಿಷ. ದ್ರಾವಣ ದಿನಾ ಹೊಸದಾಗಿ ಕಲಸಬೇಕು, ಮಬ್ಬಾದರೆ ಅವತ್ತೇ ಚೆಲ್ಲಬೇಕು. ರಕ್ತ ತಾಗುವ ಸ್ಟೀಲ್ ಟೂಲ್‌ಗಳಿಗೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧ ಮಾಡುವ ಮೆಷಿನ್) ಇದ್ದರೆ ಅದೇ ಒಳ್ಳೆಯದು: 121 ಡಿಗ್ರಿ ಸೆಲ್ಸಿಯಸ್, 15 ನಿಮಿಷ. ಇದನ್ನೆಲ್ಲ ಅವಳು ಬೇಕಂತಲೇ ಬಿಡುತ್ತಿದ್ದಾಳೆ ಅಂತ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಇದನ್ನು ಕಲಿಸಿಯೇ ಇರುವುದಿಲ್ಲ.

ಬಾತ್‌ರೂಮ್ ತೊಳೆಯುವವರಿಗೂ ಒಂದು ಮಾತು. ಬ್ಲೀಚಿಂಗ್ ದ್ರಾವಣದ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬಾರದು. ಕ್ಲೋರಿನ್ ಗ್ಯಾಸ್ ಏಳುತ್ತದೆ, ಸಣ್ಣ ಬಾತ್‌ರೂಮ್‌ನಲ್ಲಿ ಉಸಿರು ಕಟ್ಟಿಬಿಡುತ್ತದೆ.

ನಾನೂ ಮಾಡೋದು ನಿಲ್ಲಿಸಿಬಿಟ್ಟರೆ ಅವಳಿಗೆ ಬುದ್ಧಿ ಬರುತ್ತಾ?

ಸುಮ್ನೆ ನಿಲ್ಲಿಸಿದರೆ ಬರುವುದಿಲ್ಲ. ಅವಳಿಗೆ ಗೊತ್ತೇ ಆಗುವುದಿಲ್ಲ, ಮೇಡಂ ಕಣ್ಣಿಗೆ ಇಬ್ಬರೂ ಒಂದೇ ಆಗುತ್ತೀರಿ.

ಅವಳೊಬ್ಬಳಿಗೇ ತೊಂದರೆಯಾಗುವ ಕೆಲಸವನ್ನು ಬಿಡಬಹುದು. ಅವಳ ಟ್ರಾಲಿ ಜೋಡಿಸುವುದು, ಅವಳ ಡ್ರೈಯರ್ ವೈರ್ ಸುತ್ತಿಡುವುದು, ಅವಳ ಕಸ್ಟಮರ್‌ಗೆ ಗೌನ್ ತಂದುಕೊಡುವುದು. ಬಿಡುವ ಮುಂಚೆ "ನಾಳೆಯಿಂದ ನಿನ್ನ ಟ್ರಾಲಿ ನೀನೇ ನೋಡ್ಕೋ" ಅಂತ ಹೇಳಿಬಿಡಿ. ಟವೆಲ್, ಟೂಲ್ಸ್, ಟಬ್ ಇವನ್ನು ಮಾತ್ರ ಹಟಕ್ಕೆ ಬಿಡಬೇಡಿ. ಏನೂ ಅರಿಯದೆ ಬಂದು ಕೂತವರಿಗೆ ಅದರ ಪೆಟ್ಟು ಬೀಳುತ್ತದೆ.

ಡ್ಯೂಟಿ ಚಾರ್ಟ್ ಹಾಕಿದ್ವಿ. ಒಂದು ವಾರಕ್ಕೆ ಮೂಲೆ ಸೇರಿತು.

"ಸೋಮವಾರ, ಕ್ಲೀನಿಂಗ್" ಅಂತ ಬರೆದಿದ್ದರೆ ಹಾಗೇ ಆಗುವುದು. ಕ್ಲೀನಿಂಗ್ ಅಂದರೆ ಒಬ್ಬಳಿಗೆ ಪೊರಕೆ ಆಡಿಸುವುದು, ಇನ್ನೊಬ್ಬಳಿಗೆ ಕನ್ನಡಿ ಒರೆಸುವುದೂ ಸೇರಿ. ಎಲ್ಲಿಗೆ ಮುಗಿಯಿತು ಅಂತ ಬರೆಯಿರಿ. "ಟವೆಲ್: ಒಗೆದು, ಒಣಗಿಸಿ, ಮಡಿಸಿ ಶೆಲ್ಫ್‌ನಲ್ಲಿ ಇಟ್ಟಿರಬೇಕು, ರಾತ್ರಿ ಎಂಟರ ಒಳಗೆ." ಮಷಿನ್‌ಗೆ ಹಾಕಿ ಹೋದರೆ ಆಯಿತು ಅಂತ ಆಗ ಯಾರೂ ಅನ್ನಲಾರರು. ಒದ್ದೆ ಟವೆಲ್ ರಾತ್ರಿಯೆಲ್ಲ ಮಷಿನ್‌ನಲ್ಲಿ ಕೂತರೆ ಬೆಳಗ್ಗೆ ಮುಗ್ಗಲು ವಾಸನೆ ಹೊಡೆಯುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ವಾರದ ರಜೆ ಇದ್ದವಳ ಕೆಲಸ ಯಾರು ಮಾಡಬೇಕು ಅಂತಲೂ ಅಲ್ಲೇ ಬರೆದಿರಿ. ಚಾರ್ಟ್‌ಗಳು ಸಾಯುವುದು ಹೆಚ್ಚಾಗಿ ರಜೆಯ ದಿನವೇ. ಬಾತ್‌ರೂಮ್ ಕೆಲಸ ತಿರುಗುತ್ತಿರಬೇಕು, ಒಬ್ಬರಿಗೇ ಅಂಟಬಾರದು. ಮುಗಿಸಿದವಳು ಸಹಿ ಹಾಕಲಿ. ಹಾಳೆಯನ್ನು ಕಸ್ಟಮರ್‌ಗೆ ಕಾಣದ ಕಡೆ, ಸಿಂಕ್ ಮೇಲೆ ಅಂಟಿಸಿ.

ಕಸಕ್ಕೂ ಒಂದು ಸಾಲು ಇರಲಿ. ಹಸಿ ಕಸ, ಒಣ ಕಸ ಬೇರೆ. ಕೂದಲು, ಬಳಸಿದ ಹತ್ತಿ, ವ್ಯಾಕ್ಸ್ ಸ್ಟ್ರಿಪ್ ಕೆಂಪು ಬಕೆಟ್‌ಗೆ. ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ "ಬ್ಲೇಡ್" ಅಂತ ಬರೆದು ಹಾಕಿ. ಹಾಗೇ ಎಸೆದರೆ ಬೆಳಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ.

ಕ್ಲೋಸಿಂಗ್ ಹೊತ್ತಿಗೆ "ಬಸ್ ಹೋಗುತ್ತೆ" ಅಂತ ಓಡುತ್ತಾಳೆ.

ಅವಳ ಮನೆ ಎಲ್ಲಿ ಅಂತ ಕೇಳಿದ್ದೀರಾ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಾಗಾಗಿ ಊರಾಚೆ ಬಾಡಿಗೆ ಕಡಿಮೆ ಇರುವ ಕಡೆ ಮನೆ ಮಾಡಿಕೊಂಡು ದೂರದಿಂದ ಬಂದು ಹೋಗುವವರಿದ್ದಾರೆ. ರಾತ್ರಿ ಎಂಟೂವರೆ ಆದಮೇಲೆ ಆ ಕಡೆಗಳಿಗೆ ಬಸ್ಸು ಕಮ್ಮಿ. ಒಂದು ತಪ್ಪಿದರೆ ಸ್ಟಾಪ್‌ನಲ್ಲಿ ಒಬ್ಬಳೇ ನಿಲ್ಲಬೇಕು. ಆ ಭಯ ಸುಳ್ಳಲ್ಲ.

ಓಪನಿಂಗ್ ಪೂರ್ತಿ ಅವಳದು, ಕ್ಲೋಸಿಂಗ್ ಪೂರ್ತಿ ಹತ್ತಿರದಲ್ಲಿರುವವಳದು ಅಂತ ಅದಲುಬದಲು ಮಾಡಿಕೊಳ್ಳಿ. ಬೆಳಗ್ಗೆಯೂ ತಡ, ಸಂಜೆಯೂ ಬೇಗ ಅಂದರೆ ಆಗ ಮೇಡಂ ಮಾತಾಡಬೇಕು.

ಟಿಪ್ಸ್ ಡಬ್ಬಿ ಸಮನಾಗಿ ಹಂಚುತ್ತೇವೆ. ಕೆಲಸ ಮಾಡದವಳಿಗೂ ಯಾಕೆ ಕೊಡಬೇಕು?

ಕೋಪ ನ್ಯಾಯವೇ. ಆದರೂ ಡಬ್ಬಿಯ ನಿಯಮವನ್ನು ಒಬ್ಬಳಿಗೋಸ್ಕರ ಮಧ್ಯದಲ್ಲಿ ಬದಲಾಯಿಸಬೇಡಿ. ಮುಂದಿನ ತಿಂಗಳಿಂದ ಹೀಗೆ ಅಂತ ಎಲ್ಲರೂ ಕೂತು ಮಾತಾಡಿ: ಆ ದಿನದ ಚಾರ್ಟ್‌ಗೆ ಸಹಿ ಹಾಕಿದವರಿಗೆ ಆ ದಿನದ ಡಬ್ಬಿಯಲ್ಲಿ ಪಾಲು. ಸಹಿ ಇಲ್ಲದಿದ್ದರೆ ಪಾಲಿಲ್ಲ. ಇದು ಎಲ್ಲರಿಗೂ ಒಂದೇ, ನಿಮಗೂ.

ಅವಳು ಈಶಾನ್ಯದ ಕಡೆಯವಳು, ಕನ್ನಡ ಬರುವುದಿಲ್ಲ. ಹೇಳಿದ್ದು ಅರ್ಥವಾಗುತ್ತೋ ಇಲ್ಲವೋ.

ಮಾಡಿ ತೋರಿಸಿ. ತೊಳೆದ ಟಬ್ ಹೇಗಿರಬೇಕು, ಮಡಿಸಿದ ಟವೆಲ್ ಹೇಗಿರಬೇಕು ಅಂತ ಒಂದು ಫೋಟೋ ತೆಗೆದು ಚಾರ್ಟ್ ಪಕ್ಕ ಅಂಟಿಸಿ. ಮಣಿಪುರ, ಮಿಜೋರಾಂನಿಂದ ಬಂದ ಹುಡುಗಿಯರನ್ನು ಪಾರ್ಲರ್‌ನಲ್ಲಿ ಉಳಿದವರು ದೂರ ಇಟ್ಟು, ಊಟಕ್ಕೂ ಕರೆಯದೆ, ಕೆಲಸಕ್ಕೆ ಮಾತ್ರ ಕೂಗುವುದನ್ನು ನೋಡಿದರೆ ನನಗೆ ತುಂಬಾ ಬೇಜಾರಾಗುತ್ತದೆ. ಅಷ್ಟು ದೂರದಿಂದ ಬಂದವಳನ್ನು ಮೊದಲು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ ಕೆಲಸದ ಮಾತು ಸಲೀಸು.

ಅವಳಿಗೆ ಮೈ ಸರಿಯಿಲ್ಲದಿದ್ದರೆ?

ದಿನವೆಲ್ಲ ನಿಂತೇ ಮಾಡುವ ಕೆಲಸ. ಸೊಂಟ ನೋವು, ಕಾಲು ನರ ಉಬ್ಬುವುದು, ಕೆಮಿಕಲ್‌ಗೆ ಕೈ ಸುಲಿಯುವುದು ನಮ್ಮಲ್ಲಿ ಸಾಮಾನ್ಯ. ಗರ್ಭಿಣಿಯಾದರೆ ಸ್ಟ್ರೇಟನಿಂಗ್ ಕ್ರೀಮಿನ ವಾಸನೆಗೇ ವಾಂತಿ ಬರಬಹುದು, ಅದನ್ನು ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಿರುವುದಿಲ್ಲ. ಅಂಥವಳಿಗೆ ಬಗ್ಗಿ ಉಜ್ಜುವ ಕೆಲಸದ ಬದಲು ಫೋನ್ ಎತ್ತುವುದು, ಟವೆಲ್ ಮಡಿಸುವುದು, ಸ್ಟಾಕ್ ಬರೆಯುವುದು ಕೊಡಿ. ಕೈ ಸುಲಿಯುವುದಕ್ಕೆ ಗ್ಲೌಸ್ ಇದೆ, ಮೇಡಂ ತರಿಸಬೇಕು.

ವರಮಹಾಲಕ್ಷ್ಮಿ ಹಬ್ಬದ ವಾರ ಯಾರಿಗೂ ಪುರುಸೊತ್ತಿಲ್ಲ. ಆಗ?

ಹಬ್ಬದ ಮುಂಚಿನ ಎರಡು ದಿನ, ಗೌರಿ ಹಬ್ಬದ ಮುಂಚೆ, ಮದುವೆ ಸೀಸನ್‌ನಲ್ಲಿ ಚಾರ್ಟ್ ಪಕ್ಕಕ್ಕಿಡಿ. ಆ ದಿನಗಳಿಗೆ ಬರೀ ಒಗೆಯಲು, ತೊಳೆಯಲು ಒಬ್ಬರು ಹೆಲ್ಪರ್ ಬೇಕು ಅಂತ ಮೇಡಂಗೆ ಮೊದಲೇ ಹೇಳಿ. ಆಷಾಢದಲ್ಲಿ ಮದುವೆ ಇಲ್ಲದೆ ಪಾರ್ಲರ್ ಖಾಲಿ ಇರುತ್ತದಲ್ಲ, ಈ ಮಾತುಕತೆಗೆ, ಟವೆಲ್ ಹೊಸದು ತರಿಸುವುದಕ್ಕೆ ಅದೇ ಸರಿಯಾದ ಸಮಯ.

ಅವಳು ಮೇಡಂ ನೆಂಟಳು.

ಹಾಗಾದರೆ ಅವಳ ಹೆಸರು ಎತ್ತದೆ ಕೆಲಸದ ಹೆಸರು ಎತ್ತಿ. "ಮೇಡಂ, ಸಂಜೆ ಟವೆಲ್ ಸಾಲ್ತಾ ಇಲ್ಲ, ನಿನ್ನೆ ಒಬ್ಬರಿಗೆ ಒದ್ದೆ ಟವೆಲ್ ಹಾಕಬೇಕಾಯ್ತು, ಅವರು ಮುಖ ಸಿಂಡರಿಸಿದ್ರು. ಯಾರು ಯಾವಾಗ ಒಗೀಬೇಕು ಅಂತ ನೀವೇ ಬರೆದುಕೊಡ್ತೀರಾ?" ಕಸ್ಟಮರ್ ಮುಖ ಸಿಂಡರಿಸಿದ್ದು ಮೇಡಂಗೆ ನಾಟುತ್ತದೆ. ಅವರೇ ಬರೆದ ಚಾರ್ಟನ್ನು ಅವರ ನೆಂಟಳೂ ಮೀರುವುದು ಕಷ್ಟ.

ಮುಚ್ಚಿದ ಮೇಲೆ ಒಂದು ಗಂಟೆ ಕ್ಲೀನಿಂಗ್ ಮಾಡಿಸುತ್ತಾರೆ. ಅದು ಕೆಲಸದ ಹೊತ್ತಿಗೆ ಸೇರುತ್ತದಾ?

ಸೇರುತ್ತದೆ. ಪಾರ್ಲರ್‌ಗಳಿಗೂ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುತ್ತದೆ. ಆ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಹೆಚ್ಚಾದರೆ ಓವರ್‌ಟೈಮ್, ಎರಡು ಪಟ್ಟು ಲೆಕ್ಕದಲ್ಲಿ. ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ಬಿಡುವು, ವಾರಕ್ಕೆ ಒಂದು ಪೂರ್ತಿ ದಿನ ರಜೆ. ಮಾತು ಎಲ್ಲೂ ಬಗೆಹರಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಜೊತೆಯವಳು ಕ್ಲೋಸಿಂಗ್‌ಗೆ ನಿಲ್ಲುವುದಿಲ್ಲ ಅಂತ ನೀವು ಬೈಯುತ್ತಿರುವ ಆ ಒಂದು ಗಂಟೆ ಇಬ್ಬರಿಗೂ ಸಂಬಳವಿಲ್ಲದ ಗಂಟೆ ಆಗಿರಬಹುದು. ಹಾಗಿದ್ದರೆ ಜಗಳ ನಿಮ್ಮಿಬ್ಬರ ನಡುವೆ ಇರಬೇಕಾದದ್ದೇ ಅಲ್ಲ. ಇಬ್ಬರೂ ಸೇರಿ ಮೇಡಂ ಹತ್ತಿರ ಹೋಗಿ.

ಪಾರ್ಲರ್ ನಡೆಸುವವಳು ನಾನೇ. ಕೆಲಸ ಮಾಡದವಳ ಸಂಬಳ ಹಿಡಿಯಬಹುದಾ? ತೆಗೆದುಹಾಕಬಹುದಾ?

ಮನಸ್ಸಿಗೆ ಬಂದ ಹಾಗೆ ಸಂಬಳ ಹಿಡಿಯುವಂತಿಲ್ಲ. 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಸತತವಾಗಿ ಕೆಲಸ ಮಾಡಿದವಳನ್ನು ಸರಿಯಾದ ಕಾರಣವಿಲ್ಲದೆ, 1 ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವುದಕ್ಕೂ ಅದೇ ಕಾಯ್ದೆ ಬಿಡುವುದಿಲ್ಲ.

ಅಲ್ಲಿಗೆ ಹೋಗುವ ಮುಂಚೆ ನಿಮ್ಮ ಇನ್ಸೆಂಟಿವ್ ಪಟ್ಟಿ ತೆಗೆದು ನೋಡಿ. ಬಿಲ್ಲಿಗೆ ಮಾತ್ರ ದುಡ್ಡು ಇಟ್ಟು, ತೊಳೆಯುವುದಕ್ಕೆ ಏನೂ ಇಡದೆ, "ಎಲ್ಲರೂ ಸೇರಿ ಮಾಡ್ಕೊಳ್ಳಿ" ಅಂದಿದ್ದರೆ ಈ ಜಗಳ ಹುಟ್ಟಿಸಿದವರು ನೀವೇ. ಸರದಿ ಪುಸ್ತಕ ಇಡಿ. ಕ್ಲೋಸಿಂಗ್ ಮಾಡಿದವಳಿಗೆ ದಿನಕ್ಕೆ ಇಷ್ಟು ಅಂತ ಸ್ವಲ್ಪವಾದರೂ ಬರೆಯಿರಿ. ಒಂದು ಒಳ್ಳೆಯ ವಾಷಿಂಗ್ ಮಷಿನ್ ಮತ್ತು ಇನ್ನೆರಡು ಡಜನ್ ಟವೆಲ್ ಹಾಕಿಸಿ. ಅರ್ಧ ಮನಸ್ತಾಪ ಟವೆಲ್ ಸಾಲದಿರುವುದರಿಂದಲೇ ಬರುತ್ತದೆ. ಇಷ್ಟಾದ ಮೇಲೂ ಒಬ್ಬಳು ತೊಳೆಯದ ನಿಪ್ಪರ್ ಎತ್ತಿಕೊಂಡರೆ, ಬರೆದು ಎಚ್ಚರಿಕೆ ಕೊಡಿ. ತಾರೀಖು ಹಾಕಿ, ಏನಾಯಿತು ಅಂತ ಎರಡು ಸಾಲು, ಅವಳ ಸಹಿ.

ಎಲ್ಲ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ. ಕೆಲಸ ಬಿಡಲಾ?

ಗುಡಿಸುವ ವಿಷಯಕ್ಕಾದರೆ ತಕ್ಷಣ ಬಿಡಬೇಡಿ. ನಿಮ್ಮನ್ನೇ ಹೆಸರು ಹಿಡಿದು ಕೇಳಿಕೊಂಡು ಬರುವ ಕಸ್ಟಮರ್‌ಗಳು ಎಷ್ಟು ಜನ ಇದ್ದಾರೆ ನೋಡಿಕೊಳ್ಳಿ. ಹೊಸ ಕಡೆ ಅವರನ್ನು ಮತ್ತೆ ಒಂದೊಂದಾಗಿ ಸಂಪಾದಿಸಬೇಕು.

ಟೂಲ್ಸ್ ತೊಳೆಯದೆ ಬಳಸುತ್ತಾರೆ, ನೀವು ಹೇಳಿದರೂ ಮೇಡಂ "ಏನೂ ಆಗಲ್ಲ ಬಿಡೇ" ಅನ್ನುತ್ತಾರೆ ಅಂದರೆ ಬಿಡಿ. ಬ್ಲೇಡ್, ನಿಪ್ಪರ್ ಹಿಡಿದು ಕೆಲಸ ಮಾಡುವ ನಿಮ್ಮ ಕೈಗೂ ಅದೇ ರಕ್ತ ತಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಈ ತಿಂಗಳೇ ಹಾಕಿಸಿಕೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ 3 ಡೋಸ್: ಮೊದಲನೆಯದು, 1 ತಿಂಗಳಿಗೆ ಒಂದು, 6 ತಿಂಗಳಿಗೆ ಇನ್ನೊಂದು. ಹೊಸ ಪಾರ್ಲರ್‌ಗೆ ಮಾತಾಡಲು ಹೋದಾಗ ಸಂಬಳ ಕೇಳುವ ಮುಂಚೆ ಒಳಗೆ ಹೋಗಿ ಸಿಂಕ್ ನೋಡಿ, ಟವೆಲ್ ಶೆಲ್ಫ್ ನೋಡಿ. "ಅಪಾಯಿಂಟ್‌ಮೆಂಟ್ ಇಲ್ಲದೆ ಬಂದವರನ್ನ ಯಾರಿಗೆ ಕೊಡ್ತೀರಿ ಮೇಡಂ?" ಅಂತ ಕೇಳಿ, ಅವರು ಏನು ಹೇಳುತ್ತಾರೆ ಅಂತ ಗಮನ ಕೊಟ್ಟು ಕೇಳಿಸಿಕೊಳ್ಳಿ.